ಉಳಿದಿದ್ದ ಇಪ್ಪತ್ತು ನಿಮಿಷ

ಅಪ್ಪ,

ಇದನ್ನು ಅಡುಗೆಮನೆಯ ಕಟ್ಟೆಯ ಮೇಲೆ, ನಿಂತುಕೊಂಡೇ ಬರೆಯುತ್ತಿದ್ದೇನೆ. ಕೂರಲು ಆಗುತ್ತಿಲ್ಲ.

ಇವತ್ತು ಕ್ರಿಸ್ಮಸ್. ನಮ್ಮ ಹಬ್ಬವಲ್ಲದಿದ್ದರೂ ನೀನು ಹಾಕಿಕೊಟ್ಟ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಅಯ್ಯಂಗಾರ್ ಬೇಕರಿಯಿಂದ ಮೊಟ್ಟೆಯಿಲ್ಲದ ಪ್ಲಮ್ ಕೇಕ್ ತಂದು, ಊಟವಾದ ಮೇಲೆ ನಿನ್ನ ಅದೇ ಕಪ್ಪು-ಬಿಳುಪು ಸಿನಿಮಾ ನೋಡಲು ಕೂತೆವು. ನಿನ್ನ ಸಿ.ಡಿ. ಹಾಳಾಗಿದೆ, ನಿನ್ನ ಮೊಮ್ಮಗ ಕಶ್ಯಪ್ ಟೀವಿಯಲ್ಲೇ ಹುಡುಕಿ ಹಾಕಿದ.

ಸಿನಿಮಾದಲ್ಲಿ ಯುದ್ಧ ಮುಗಿಸಿ ಬಂದ ಮಗ ಮನೆಯ ಬಾಗಿಲು ತಟ್ಟಿದ. ಪ್ರತಿವರ್ಷ ಸರಿಯಾಗಿ ಅಲ್ಲಿಗೇ ನೀನು ರಿಮೋಟ್ ಒತ್ತಿ, "ಮುಗೀತು, ಏಳಿ ಏಳಿ, ಕೇಕ್ ತಿನ್ನೋಣ" ಅನ್ನುತ್ತಿದ್ದೆ. ನಾನೂ ಅದೇ ಅಭ್ಯಾಸದಲ್ಲಿ ಚಾಕು ತರಲು ಎದ್ದೆ.

"ಎಲ್ಲಿಗಮ್ಮಾ? ಇನ್ನೂ ಇಪ್ಪತ್ತು ನಿಮಿಷ ಇದೆ" ಅಂದ ಕಶ್ಯಪ್.

ಬಾಗಿಲು ತೆರೆದದ್ದು ಪಕ್ಕದ ಮನೆಯಾಕೆ. ಅವನ ತಾಯಿ ಸತ್ತು ಹದಿನೈದು ದಿನವಾಗಿತ್ತು. ತಾಯಿ-ಮಗ ಆ ದಿನ ಒಟ್ಟಿಗೆ ಊಟ ಮಾಡಿದರು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ!

"ನೀನು ಅಳ್ತೀಯಾಂತ ನಿಮ್ಮಪ್ಪ ಮುಂದಕ್ಕೆ ತೋರಿಸ್ತಿರ್ಲಿಲ್ಲ ಕಣೆ" ಅಂದಳು ಅಮ್ಮ.

ಎಂಥಾ ಮೋಸ ಅಪ್ಪ ಇದು! ತೊಳೆದ ಲೋಟಗಳನ್ನೇ ಮತ್ತೆ ತೊಳೆದೆ. ಸಂಪಿಗೆ ರಸ್ತೆಯವರೆಗೆ ಎರಡು ಸಲ ಸುಮ್ಮನೆ ಹೋಗಿಬಂದೆ. ಕೇಕ್ ಇನ್ನೂ ಡಬ್ಬಿಯಲ್ಲೇ ಇದೆ.

ಆಸ್ಪತ್ರೆಯಲ್ಲಿ ಆ ಕೊನೆಯ ಸಂಜೆಯೂ ನೀನು ಇದೇ ದನಿಯಲ್ಲಿ ಹೇಳಿದ್ದೆ: "ಡಾಕ್ಟರು ನೋಡಿದ್ದು ಮುಗೀತಲ್ಲ, ಏಳು ಏಳು, ಮನೆಗೆ ಹೋಗಿ ಊಟ ಮಾಡು."

ನಾನು ಎದ್ದು ಬಂದುಬಿಟ್ಟೆ.