ಕಾಲ ಬುಡದ ಬಿಸಿ

ನವೆಂಬರ್ ೧೧, ಮಂಗಳವಾರ.

ಬೈಕಿನ ಪಕ್ಕಕ್ಕೆ ಜೋಡಿಸಿದ ಸೈಡ್‌ಕಾರಿಗೆ ಹೊಸ ಲೈಟು ಹಾಕಿದಾಗಿನಿಂದ ಫ್ಯೂಸು ಹೋಗುತ್ತಲೇ ಇತ್ತು. ಎಲ್ಲಿ ಶಾರ್ಟ್ ಆಗುತ್ತಿದೆಯೆಂದು ಹುಡುಕಿ ತಲೆ ಕೆಟ್ಟು, ನಿನ್ನೆ ಫ್ಯೂಸಿನ ಜಾಗಕ್ಕೆ ದಪ್ಪ ತಂತಿ ಸುತ್ತಿಬಿಟ್ಟೆ. ಲೈಟು ಉರಿಯಿತು, ನಾನು ಬೀಗಿದೆ.

ಇವತ್ತು ಅಕ್ಕನನ್ನು ಸೈಡ್‌ಕಾರಿನಲ್ಲಿ ಕೂರಿಸಿಕೊಂಡು ಪೇಟೆಗೆ ಹೋಗಿ ಬಂದೆ. ದಾರಿಯಲ್ಲಿ ಅಕ್ಕ, "ಕಾಲ ಹತ್ರ ಬೆಚ್ಚಗಿದೆ ಕಣೋ, ಹೀಟರ್ ಕೂಡ ಹಾಕಿದ್ಯಾ?" ಎಂದಳು. ತಮಾಷೆಗೆ ಹೂಂ ಎಂದೆ.

ಮನೆಗೆ ಬಂದು ಅವಳ ಕಾಲಡಿಯ ಮ್ಯಾಟ್ ಎತ್ತಿದರೆ, ಲೈಟಿನ ವೈರಿನ ಹೊದಿಕೆ ಕರಗಿ ಮ್ಯಾಟಿಗೆ ಅಂಟಿಕೊಂಡಿತ್ತು. ಬ್ಯಾಟರಿಯನ್ನೇ ಕಳಚಿಟ್ಟೆ. ಆದರೂ ಸುಟ್ಟ ವಾಸನೆ ಮೂಗಿನಿಂದ ಹೋಗುತ್ತಿಲ್ಲ.

ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಊಟ ಮುಗಿಸಿ ಏಳುವಾಗ ತೊಟ್ಟಿಲಲ್ಲಿದ್ದ ತನ್ನ ಮಗುವಿನತ್ತ ನೋಡಿ ಅವಳೇ ಅಂದಳು, "ನಾಳೆ ಪಾಪೂನೂ ಕೂರಿಸ್ಕೋತೀನಿ. ಬೆಚ್ಚಗೆ ಮಲಗುತ್ತೆ."