ಅಪ್ಪನ ಆಲ್ಫಾಗೆ ಬೀಸಿದ ಕೈ

ಕೋಮೊ, ಭಾನುವಾರ

ಪ್ರೀತಿಯ ಅಕ್ಕಾ,

ಅಪ್ಪನ ಕೆಂಪು ಆಲ್ಫಾ ಕಾರು ಮಾರಾಟವಾಯಿತು. ಹರಾಜಿನ ವೇದಿಕೆಗೆ ಅದು ಬಂದಾಗ, ನೀನು ಹೇಳಿಕಳಿಸಿದಂತೆ ನಮ್ಮಿಬ್ಬರ ಪರವಾಗಿಯೂ ವಿದಾಯಕ್ಕೆ ಕೈ ಬೀಸಹೊರಟೆ. ಮೊದಲು ನನ್ನ ಪಾಲಿನದನ್ನು ಬೀಸಿದ್ದೇ ತಡ, "ಹಿಂದಿನ ಸಾಲಿನ ಮಹನೀಯರು, ಎಂಬತ್ತು ಸಾವಿರ ಯೂರೋ!" ಎಂದು ಹರಾಜುಗಾರ ಕೂಗಿದ.

ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬಳು ತೋಳು ಜಗ್ಗಿದಳು: "ಕೈ ಇಳಿಸೋ ಮಾರಾಯ, ಕಾರು ನಿನ್ ತಲೆಗೇ ಕಟ್ತಾರೆ!"

ಪುಣ್ಯಕ್ಕೆ ಜ್ಯೂರಿಕ್‌ನವನೊಬ್ಬ ಇನ್ನೂ ಹೆಚ್ಚಿನ ಬೆಲೆ ಕೂಗಿ ಕಾರನ್ನು ಕೊಂಡುಕೊಂಡ. ಬೆಲೆ ಏರಿಸಿದ ಕೀರ್ತಿ ನನ್ನದೇ; ಅಪ್ಪ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದ. ಕಾರು ಹೊರಗೆ ಹೋಗುವವರೆಗೂ ನಾನು ಹೆದರಿ, ಎರಡೂ ಕೈ ತೊಡೆಯಡಿ ಒತ್ತಿಕೊಂಡು ಕೂತಿದ್ದೆ.

ನನ್ನ ಮಂಡಿನೋವು ಈಗ ಪರವಾಗಿಲ್ಲ. ನಾಳೆ ರೈಲು ಹತ್ತುತ್ತೇನೆ. ನಿನ್ನ ಪಾಲಿನ ವಿದಾಯ ಮಾತ್ರ ನನ್ನ ಕೈಯಲ್ಲೇ ಉಳಿದುಬಿಟ್ಟಿತು.

ನಿನ್ನ ತಮ್ಮ,
ಓರೆಸ್ತೆ