ಗುಳಿಗೆ ಹತ್ತುವ ತನಕ

ಜೂನ್ 26, ಗುರುವಾರ. ಹಾಸ್ಟೆಲ್, ಸಿಂಧನೂರು

ಬೆಳಿಗ್ಗೆ ಮತ್ತೆ ಬಕೆಟ್ ಕ್ಯೂ. ನನ್ನ ಪಾಳಿ ಬರುವಷ್ಟರಲ್ಲಿ ನಲ್ಲಿಯಲ್ಲಿ ಬರೀ ಗಾಳಿ. ಮುಖ ಒರೆಸಿಕೊಂಡು ಬಂದೆ. ಕೆಮಿಸ್ಟ್ರಿ ಎರಡು ಪುಟ ಓದಿದೆ — ಮೂರನೆಯದರಲ್ಲಿ ಅಕ್ಷರಗಳು ಭತ್ತದ ಸಸಿಯ ಹಾಗೆ ತೂಗತೊಡಗಿದವು. ಟೆನ್ಷನ್. ಅಥವಾ ನಿದ್ದೆ. ನನಗೆ ಎರಡೂ ಒಂದೇ ಥರ ಬರುತ್ತವೆ.

ರೂಮ್‌ಮೇಟ್ ಸಿದ್ದರಾಮ ಟವೆಲ್ ಕೊಡವುತ್ತ ಕೇಳಿದ: "ನಿಮ್ಮಪ್ಪ ನಿನ್ನೆ ಬಸ್‌ಸ್ಟ್ಯಾಂಡಿನ್ಯಾಗ ಫುಲ್ ಟೈಟ್ ಇದ್ದನಂತಲ್ಲೋ ಶಿವ್ಯಾ? ಬಸ್ಸಿನ ಬಾಗಲದಾಗ ನಿಂತಾಂವ ಹಿಂದೂ ಇಲ್ಲ, ಮುಂದೂ ಇಲ್ಲಂತ. ಕಂಡಕ್ಟರ್ ಬೈದು ಇಳಿಸ್ಯಾನ."

ತಲೆ ಅಲ್ಲಾಡಿಸಿದೆ. ಹೌದೋ ಅಲ್ಲವೋ ತಿಳಿಯದ ಹಾಗೆ.

ಅಪ್ಪ ಕುಡಿಯುವುದಿಲ್ಲ. ನನಗೆ ಬುತ್ತಿ ಕೊಟ್ಟು ಊರಿಗೆ ಹೊರಟಿದ್ದ. ಅದು ಪಾರ್ಕಿನ್ಸನ್. ಮಾರ್ಚ್‌ನಲ್ಲಿ ಲಿಂಗಸುಗೂರಿನ ಡಾಕ್ಟರ್ ಹೇಳಿದ ಹೆಸರು. ಇನ್ನೂ ಐವತ್ತು ತುಂಬದ ಅಪ್ಪನಿಗೆ ಮುದುಕರ ರೋಗ. ಈ ಹಾಸ್ಟೆಲ್‌ನಲ್ಲಿ ಕುಡುಕರ ಮಕ್ಕಳು ಬೇಕಾದಷ್ಟು ಜನ ಇದ್ದಾರೆ, ಯಾರೂ ಅವರಿಗೆ ಏನೂ ಅನ್ನುವುದಿಲ್ಲ. ಪಾರ್ಕಿನ್ಸನ್‌ನವನ ಮಗ ನಾನೊಬ್ಬನೇ.

ಜೂನ್ 28, ಶನಿವಾರ. ಬಸ್ಸಿನಲ್ಲಿ

ಲಿಂಗಸುಗೂರಿನಿಂದ ವಾಪಸ್. ಅಪ್ಪ ಕಿಟಕಿ ಪಕ್ಕ. ನರರೋಗದ ಡಾಕ್ಟರ್ ಇವತ್ತು ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡಿದರು. ಅಂಟುವ ರೋಗ ಅಲ್ಲ. ಯಾರ ಶಾಪವೂ ಅಲ್ಲ. ಮಿದುಳಿನಲ್ಲಿ ಒಂದು ರಸ ಬತ್ತುತ್ತಿದೆ, ಗುಳಿಗೆ ಅದನ್ನು ತುಂಬುತ್ತದೆ. ಪೂರ್ತಿ ವಾಸಿಯಾಗುವುದಿಲ್ಲ, ಬದುಕು ಮಾತ್ರ ನಡೆಯುತ್ತದೆ.

"ಮನಸಿಗೆ ಬಂದಂಗ ಗುಳಿಗಿ ನಿಲ್ಲಸಬ್ಯಾಡ್ರಿ ಆದೆಪ್ಪ. ಒಮ್ಮಿಗ್ಲೇ ಬಿಟ್ರ ಮೈ ಕಟ್ಟಿಗಿ ಆಗ್ತೈತಿ. ಜೀವಕ್ಕೂ ಅಪಾಯ."

ಮಸ್ಕಿ ಹತ್ತಿರ ಗುಡ್ಡದ ಬಂಡೆಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಕಂಡವು. ಅಪ್ಪನಿಗೆ ಹಾಸ್ಟೆಲ್ ಜೋಕ್ ಹೇಳಿದೆ — ನಮ್ಮ ಸಾಂಬಾರಿನಲ್ಲಿ ಬೇಳೆ ಕಾಣೆಯಾಗಿದೆ ಅಂತ ಪೊಲೀಸ್ ಕಂಪ್ಲೇಂಟ್ ಕೊಡಬೇಕು. ಮುಖ ಅಲ್ಲಾಡಲಿಲ್ಲ. ಹೇಳಬಾರದಿತ್ತು ಅಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ, ಇಂಜಿನ್ ಸದ್ದಿಗಿಂತ ಕೆಳಗಿನ ದನಿಯಲ್ಲಿ:

"ಒಳಗ ನಗಾಕತ್ತೀನೋ. ಹೊರಗ ಬರವಲ್ದು."

ಜುಲೈ 1, ಮಂಗಳವಾರ. ಊರು

ಸ್ಟಡಿ ಹಾಲಿಡೇಸ್. ಊರಲ್ಲಿ ಮೊಹರಂ. ಅಲಾಯಿ ದೇವರ ಗುಡಿ ಮುಂದೆ ಕುಣಿ ತೋಡಿ ಬೆಂಕಿ ಹಾಕಿದ್ದಾರೆ; ಭಾನುವಾರ ದೇವರನ್ನು ಹೊತ್ತು ಹಳ್ಳಕ್ಕೆ ಒಯ್ಯುತ್ತಾರೆ. ಸಂಜೆಯಾದರೆ ಹಲಗೆಯ ಬಡಿತ, ಬೆಂಕಿಯ ಸುತ್ತ ಹೆಜ್ಜೆ ಕುಣಿತ. ಯಾವ ಓಣಿಯವರು, ಯಾವ ಧರ್ಮದವರು ಅಂತಿಲ್ಲ. ನನಗೆ ಮಾತ್ರ ಹೆಜ್ಜೆ ಬರುವುದಿಲ್ಲ. ಆರನೇ ಕ್ಲಾಸಿನಿಂದ ಹಾಸ್ಟೆಲ್.

ನಾನು ಹುಟ್ಟುವ ಮೊದಲಿನಿಂದ ಕುಣಿತದ ಮುಂದಾಳು ಅಪ್ಪ. ಹೋದ ವರ್ಷ ಎಲ್ಲರೆದುರು ಕೈ ನಡುಗಿದ್ದಕ್ಕೆ ನಾಚಿ ಅರ್ಧಕ್ಕೇ ಬಿಟ್ಟು ಬಂದ. ಆಗ ಯಾರಿಗೂ ರೋಗದ ಹೆಸರು ಗೊತ್ತಿರಲಿಲ್ಲ. ಈ ಸಲ ಮುಂದಾಳು ಆಂಜನೇಯ ಕಾಕಾ, ಅಪ್ಪನ ತಮ್ಮ.

ಪಕ್ಕದ ಮನೆಯ ಹೊನ್ನೂರಮ್ಮ ಆಯಿ ಬಂದು ಅವ್ವನ ಮುಂದೆ ಕೂತಳು. "ದೇವರ ಹೆಜ್ಜಿ ಅರ್ಧಕ್ಕ ಬಿಟ್ಟಾನ. ದೇವರು ಕಾಲು ಹಿಡಕೊಂಡಾನ. ದವಾಖಾನಿಗೆ ಯಾಕ ಅಡ್ಡಾಡತಿ ಗದ್ದೆಮ್ಮ?" ಮೊಮ್ಮಗ ನಮ್ಮ ತಂಬಿಗೆಗೆ ಕೈ ಹಾಕಿದಾಗ ಅವನ ಕೈ ಮೇಲೆ ಪಟ್ಟನೆ ಹೊಡೆದಳು. "ಆ ಮನ್ಯಾಗ ನೀರು ಕುಡೀಬ್ಯಾಡಂತ ಹೇಳಿಲ್ಲೇನು?" ನಮ್ಮ ಮನೆಯಲ್ಲೇ ಕೂತು "ಆ ಮನಿ" ಅಂತಾಳೆ.

ಅವ್ವ ಅಪ್ಪ ಮಲಗುವ ಹೊರಸನ್ನು ಒಳಕೋಣೆಗೆ ಸರಿಸಿದಳು. ಜನ ನೋಡದಿರಲಿ ಅಂತ.

ಜುಲೈ 3, ಗುರುವಾರ

ಹೇಗೆ ಬರೆಯಲಿ. ನಡೆದದ್ದೋ, ಕನಸೋ.

ಸಂಜೆ ಹಲಗೆ ಶುರುವಾಯಿತು. ಅಪ್ಪ ಹೊರಸಿನ ಮೇಲೆ ಕೂತಿದ್ದ. ಮುಖ ಗೋಡೆಯ ಹಾಗೆ. ಪಾದ ಮಾತ್ರ ನೆಲ ತಟ್ಟುತ್ತಿತ್ತು.

"ಹೋಗೂನೇನೋ?"

"ಅವ್ವ ಬೈತಾಳ."

"ಬೈಲಿ. ಬೈಗಳ ನಾ ತಿಂತೀನಿ."

ಹೊಸ್ತಿಲ ಹತ್ತಿರ ಪಾದಗಳು ನೆಲಕ್ಕೆ ಅಂಟಿಕೊಂಡವು. ಬಸ್ಸಿನ ಬಾಗಿಲಲ್ಲಿ ಆದದ್ದು ಇದೇ. ನಾನು ಕೈ ಹಿಡಿದು ಎಳೆದೆ, ಇನ್ನಷ್ಟು ಬಿಗಿಯಾದ. ಬಿಟ್ಟೆ. ಆಗ ಗಾಳಿ ತಿರುಗಿತೋ ಏನೋ, ಹಲಗೆ ನೇರ ಮನೆಯೊಳಗೆ ಬಂತು. ಅಪ್ಪ ಕಣ್ಣು ಮುಚ್ಚಿದ. ಪೆಟ್ಟಿಗೆ ಒಂದು ಕಾಲು. ಇನ್ನೊಂದು ಪೆಟ್ಟಿಗೆ ಇನ್ನೊಂದು. ಹೊಸ್ತಿಲು ದಾಟಿದ. ಓಣಿ ದಾಟಿದ. ನಾನು ಹಿಂದೆ ಹಿಂದೆ, ನೀರಿನೊಳಗೆ ನಡೆಯುವವನ ಹಾಗೆ.

ಬೆಂಕಿಯ ಸುತ್ತ ಸಾಲು ತಾನಾಗಿ ಬಿಚ್ಚಿಕೊಂಡಿತು. ಅಪ್ಪ ಒಳಗೆ ಹೋದ. ಬಗ್ಗಿ, ಎದ್ದು, ತಿರುಗಿ, ಹಿಂದೆ ಎರಡು, ಮುಂದೆ ಮೂರು. ಕೆಂಡದ ಬೆಳಕಿನಲ್ಲಿ ಅಪ್ಪನ ನೆರಳು ಗುಡಿಯ ಗೋಡೆ ಮೇಲೆ ಹತ್ತು ಆಳೆತ್ತರ. ಕೈ ನಡುಗುತ್ತಿರಲಿಲ್ಲ. ನನ್ನ ಅಪ್ಪನನ್ನು ನಾನು ಇವತ್ತೇ ಮೊದಲ ಸಲ ನೋಡಿದೆ ಅನ್ನಿಸಿತು.

ಹೊನ್ನೂರಮ್ಮ ಆಯಿ ಚೀರಿದಳು: "ದೇವರು ಕಾಲು ಬಿಟ್ಟಾನವ್ವೋ! ಆದೆಪ್ಪ ಆರಾಮಾಗ್ಯಾನ!"

ಊರೆಲ್ಲ ಕೈ ಮುಗಿಯಿತು. ಅವ್ವ ನೆಲದ ಮೇಲೆ ಕೂತು ಅತ್ತಳು. ನಾನೂ ಅತ್ತೆ, ಬರೀ ಖುಷಿಗೆ. ಎಷ್ಟು ಸ್ಟುಪಿಡ್.

ಜುಲೈ 4, ಶುಕ್ರವಾರ

ಬೆಳಿಗ್ಗೆಯಿಂದ ಜನ. ಸಕ್ಕರೆ, ಊದುಬತ್ತಿ, ತೆಂಗಿನಕಾಯಿ. ಹೊನ್ನೂರಮ್ಮ ಆಯಿ ನಮ್ಮ ತಂಬಿಗೆಯಲ್ಲೇ ನೀರು ಕುಡಿದಳು. ಅಪ್ಪ ಅಂಗಳದಲ್ಲಿ ಕೂತಿದ್ದಾನೆ, ಎಲ್ಲರ ನಡುವೆ. ಎಷ್ಟು ತಿಂಗಳಾಗಿತ್ತು.

ಅವ್ವ ಗುಳಿಗೆಗಳನ್ನು ದೇವರ ಮಾಡದಲ್ಲಿಟ್ಟು ಕುಂಕುಮ ಹಚ್ಚಿದ್ದಾಳೆ. "ಇನ್ನ ಬ್ಯಾಡ. ನಿನ್ನೆ ಸಂಜಿಯಿಂದ ಕೊಟ್ಟಿಲ್ಲ."

ಡಾಕ್ಟರಿಗೆ ಫೋನ್ ಮಾಡಿದೆ. ತಾಳ ಕೇಳಿದರೆ ಇಂಥವರಿಗೆ ಹೆಜ್ಜೆ ಬರುತ್ತದಂತೆ. ನಡಿಗೆಯ ದಾರಿ ಮುಚ್ಚಿದಾಗ ಮಿದುಳಿಗೆ ಬೇರೆ ದಾರಿ ಸಿಗುತ್ತದೆ. ಕುಣಿಯಲಿ, ಒಳ್ಳೆಯದೇ. ಆದರೆ ರೋಗ ಹೋಗಿಲ್ಲ, ಗುಳಿಗೆ ಈಗಲೇ ಮತ್ತೆ ಶುರು ಮಾಡಿ, ಸೋಮವಾರ ತೋರಿಸಿ — ಅಂದರು.

ಅಂಗಳಕ್ಕೆ ಬಂದೆ. ಬಾಯಿ ತೆರೆದೆ. "ಆ್ಯಕ್ಚುಲಿ..." ಅಂದೆ. ಎಲ್ಲರೂ ನನ್ನ ಕಡೆ ನೋಡಿದರು. "ಚಹಾ ಬೇಕೇನ್ರಿ?" ಅಂತ ಕೇಳಿ ಒಳಗೆ ಬಂದೆ.

ಜುಲೈ 5, ಶನಿವಾರ

ಅಪ್ಪನಿಗೆ ಮಗ್ಗುಲು ತಿರುಗಲು ಆಗುತ್ತಿಲ್ಲ. ಕುತ್ತಿಗೆ ಮರದ ಹಾಗೆ. ಗಂಜಿ ಗಂಟಲಲ್ಲಿ ನಿಲ್ಲುತ್ತಿದೆ. ಆಸ್ಪತ್ರೆಗೆ ಹೋಗೋಣ ಅಂದರೆ ಅವ್ವ ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. "ದೇವರು ಪರೀಕ್ಷಾ ಮಾಡಾಕತ್ತಾನ. ನಾಳೆ ದೇವರು ಹಳ್ಳಕ್ಕ ಹೋಗೂತನ ತಡಕೊ. ಈಗ ಗುಳಿಗಿ ಕೊಟ್ರ, ನಂಬಿಗಿ ಇರಲಿಲ್ಲ ಅದಕ್ಕ ರೋಗ ಮತ್ತ ಬಂತು ಅಂತಾರ."

ಅವ್ವ ಇಲ್ಲದಾಗ ಗುಳಿಗೆ ಅಪ್ಪನ ತುಟಿಗಿಟ್ಟೆ. ಬಾಯಿ ಬಿಗಿದ. ಆಮೇಲೆ ತಡೆತಡೆದು: "ಊರೆಲ್ಲ ನನ್ನ ನಂಬ್ಯಾರೋ. ನಾ ಹೆಂಗ ಸುಳ್ಳಾಗ್ಲಿ?"

ಗುಡಿಗೆ ಓಡಿದೆ. ದೇವರ ಸೇವೆಯ ಮಲೀಕಸಾಬ ತಾತ ನವಿಲುಗರಿ ಕಟ್ಟುತ್ತಿದ್ದ. ಎಲ್ಲ ಹೇಳಿದೆ, ಅರ್ಧ ಇಂಗ್ಲಿಷಿನಲ್ಲಿ. ಪೂರ್ತಿ ಕೇಳಿದ.

"ಬೇಟಾ, ನಾ ಶುಗರ್ ಗುಳಿಗಿ ನುಂಗಿ ದೇವರ ಹೊರ್ತೀನಿ. ದೇವರು ಎಂದೂ ಸಿಟ್ಟಾಗಿಲ್ಲ."

"ಹಂಗಂತ ನೀವ ಹೇಳ್ರಿ ತಾತ."

"ಏನಂತ ಹೇಳ್ಲಿ? ಆ ರೋಗದ ಹೆಸರ ನನ್ನ ಬಾಯಾಗ ಹೊಳ್ಳೂದಿಲ್ಲ. ನೀ ಹೇಳು. ನಾ ಬಾಜೂಕ ನಿಂದರ್ತೀನಿ."

ಮಲಗಿದರೆ ಕನಸು: ಊರೆಲ್ಲ ಕಾಲುವೆಯ ನೀರಿನ ಮೇಲೆ ನಿಂತಿದೆ. ನಾನು ಮಾತಾಡಿದರೆ ಎಲ್ಲರೂ ಮುಳುಗುತ್ತಾರೆ. ಮಾತಾಡದಿದ್ದರೆ ಅಪ್ಪ ಒಬ್ಬನೇ.

ಜುಲೈ 6, ಭಾನುವಾರ. ಮಧ್ಯಾಹ್ನ

ಕೈ ಇನ್ನೂ ನಡುಗುತ್ತಿದೆ. ನನ್ನದು.

ದೇವರು ಹೊರಡುವ ಮೊದಲು ಗುಡಿ ಮುಂದೆ ಊರು ಸೇರಿತ್ತು. ಅಪ್ಪನನ್ನು ಕುರ್ಚಿಯಲ್ಲಿ ಎತ್ತಿ ತಂದಿದ್ದರು, ದೇವರು ಎಬ್ಬಿಸುತ್ತಾನೆ ಅಂತ. ಮಲೀಕಸಾಬ ತಾತ ಕೈ ಎತ್ತಿ ಹಲಗೆ ನಿಲ್ಲಿಸಿದ. ನನ್ನ ಕಡೆ ನೋಡಿದ.

"ಅಪ್ಪಗ ಆರಾಮಾಗಿಲ್ಲ," ಅಂದೆ. "ಪಾರ್ಕಿನ್ಸನ್ ಅಂತ. ಬ್ರೇನಿಂದು. ಅಂಟೂದಿಲ್ಲ. ಶಾಪ ಅಲ್ಲ. ಹಲಗಿ ಕೇಳಿದ್ರ ಹೆಜ್ಜಿ ಬರ್ತಾವ, ಆದ್ರ..."

"ಎರಡಕ್ಷರ ಕಾಲೇಜ್ ಕಲ್ತು ದೇವರಿಗೆ ಪಾಠ ಹೇಳ್ತಿಯೇನಲೇ?" ಆಂಜನೇಯ ಕಾಕಾ. ಯಾರೋ ನಕ್ಕರು. "ಹೆಜ್ಜಿ ಹಾಕಾಕ ಬರೂದಿಲ್ಲ, ಭಾಷಣ ನೋಡು!"

ಅಲ್ಲಿಗೆ ಮುಗಿಯಿತು. ಮುಂದಿನ ಮಾತು ಇಲ್ಲ, ಹಿಂದೆ ಓಡಲು ಕಾಲೂ ಇಲ್ಲ. ಸುಮ್ಮನೆ ನಿಂತೇ ಇದ್ದೆ.

ಅಪ್ಪ ನೋಡುತ್ತಿದ್ದ. ಕಣ್ಣು ಮಾತ್ರ ಅಲ್ಲಾಡುತ್ತಿತ್ತು. ಬಾ ಅಂತ ಬೆರಳು ಎತ್ತಿದ. ಹೋಗಿ ಬಾಯಿಯ ಹತ್ತಿರ ಕಿವಿ ಇಟ್ಟೆ.

"ನಿನ್ನ ಕಾಲೂ ನನ್ನಂಗ ನಿಂತ್ವಲ್ಲೋ. ನಾ ಹೇಳ್ತೀನಿ, ನೀ ಒದರು."

ಅಪ್ಪ ಪಿಸುಗುಟ್ಟಿದ್ದನ್ನು ನಾನು ಕೂಗಿದೆ. ದನಿ ತಾನಾಗಿ ಬಂತು, ಮಾತು ನನ್ನದಲ್ಲವಲ್ಲ.

"ನನಗ ರೋಗ ಐತಿ! ಹೋಗೂದಿಲ್ಲ ಅದು! ಮೊನ್ನೆ ಕುಣಿದದ್ದೂ ಖರೆ, ಇವತ್ತ ಏಳಾಕ ಆಗದಿದ್ದದ್ದೂ ಖರೆ! ಎರಡೂ ನಾನ! ನನ್ನ ಒಳಗ ಮುಚ್ಚಿ ಇಡಬ್ಯಾಡ್ರಿ!"

ಕಡೆಯದಕ್ಕೆ ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ "ಗುಳಿಗಿ" ಅಂದ ಅಪ್ಪ. ನಿನ್ನೆಯಿಂದ ಕಿಸೆಯಲ್ಲೇ ಇತ್ತು, ತೆಗೆದೆ. ಅವ್ವ ಗುಡಿಯೊಳಗೆ ಹೋಗಿ, ದೇವರ ಮುಂದೆ ಪ್ರಾರ್ಥನೆ ಓದಿಸಿದ ಸಕ್ಕರೆ ನೀರು ತಂದಳು. ತಾನೇ ಅಪ್ಪನ ತಲೆ ಎತ್ತಿ ಹಿಡಿದಳು. ಗುಟುಕು ಗುಟುಕಾಗಿ. ಊರೆಲ್ಲ ಒಂದು ಗಂಟಲನ್ನು ನೋಡುತ್ತಿತ್ತು. ಇಳಿಯಿತು.

ಕಾಕಾ ನೆಲ ನೋಡುತ್ತಿದ್ದ.

ಅದೇ ದಿನ. ಗುಡಿ ಕಟ್ಟೆ ಮೇಲೆ

ಡಾಕ್ಟರಿಗೆ ಫೋನ್ ಹಚ್ಚಿದೆ. ನುಂಗಿದರಲ್ಲ, ಗುಳಿಗೆ ಹತ್ತಿ ಮೈ ಸಡಿಲಾಗಲು ಸ್ವಲ್ಪ ಹೊತ್ತು ಬೇಕು. ನೀರು ಕುಡಿಸಿ, ನಾಳೆ ಮುಂಜಾನೆಯೇ ಕರೆತನ್ನಿ ಅಂದರು.

ದೇವರು ಹಳ್ಳಕ್ಕೆ ಹೊರಡುವ ಹೊತ್ತಾಯಿತು. ಮಲೀಕಸಾಬ ತಾತ ದೇವರನ್ನು ಎತ್ತಿ ನಿಂತ. ಹಲಗೆಯವರು ಕೋಲು ಎತ್ತಿದರು. ಮೆರವಣಿಗೆ ಹೊರಟರೆ ಅಪ್ಪ ಕುರ್ಚಿಯಲ್ಲೇ ಉಳಿಯುತ್ತಾನೆ. ನಾನು ಅಪ್ಪನ ಮುಖ ನೋಡಲಿಲ್ಲ.

"ತಡೀರಲೇ!" ಆಂಜನೇಯ ಕಾಕಾ. "ಅಣ್ಣನ ಗುಳಿಗಿ ಹತ್ಲಿ. ದೇವರಿಗೇನು ಬಸ್ ತಪ್ಪತೈತೇನು?"

"ಹತ್ಲಿ ಹತ್ಲಿ," ಮಲೀಕಸಾಬ ತಾತ. "ಲಗೂ ಹತ್ಲಿ ಅಂತ ಬೇಡಿಕೊಳ್ರಿ. ರಟ್ಟಿ ಸೋತಾವ ನನ್ನುವು."

ಈಗ ಹೊನ್ನೂರಮ್ಮ ಆಯಿ ಕೂಡ ನಕ್ಕಳು.

ಎಲ್ಲರೂ ನಿಂತಿದ್ದಾರೆ. ಮೋಡದ ಬೆಳಕು, ಲೋಬಾನದ ಹೊಗೆ. ನವಿಲುಗರಿಗಳು ಗಾಳಿಯಲ್ಲಿ ಉಸಿರಾಡುತ್ತಿವೆ. ಕುಣಿಯ ಬೂದಿ ಮೆಲ್ಲಗೆ ಏಳುತ್ತಿದೆ. ಇಡೀ ಊರು ಒಂದು ಗುಳಿಗೆಗಾಗಿ ಕಾಯುತ್ತಿದೆ, ದೇವರೂ ಸೇರಿ. ಟೆನ್ಷನ್ ಹುಡುಕಿದೆ, ಎಲ್ಲೂ ಸಿಗಲಿಲ್ಲ.

ಕಾಕಾ ಅಪ್ಪನ ಕಾಲ ಬಳಿ ಕೂತು ಮೀನಖಂಡ ತಿಕ್ಕುತ್ತಿದ್ದಾನೆ. ಆಗಾಗ ನನ್ನ ಕಡೆ ಕತ್ತೆತ್ತುತ್ತಾನೆ. "ಬರೆಯೂದು ಸಾಕು ಬಾರಲೇ, ಆ ಕಡಿ ರಟ್ಟಿ ಹಿಡಿ. ಹೆಜ್ಜಿ ಬರದಿದ್ರೇನು, ನಿಮ್ಮಪ್ಪನ ಕಾಲು ನೋಡಿ ಹಾಕು."

ಅಪ್ಪನ ಕುತ್ತಿಗೆ ಸ್ವಲ್ಪ ತಿರುಗಿತು. ಹೌದು, ತಿರುಗಿತು. ಅವ್ವ ನನ್ನನ್ನೇ ನೋಡುತ್ತಿದ್ದಾಳೆ. ಹಲಗೆಯವನು ಮೆಲ್ಲಗೆ ಒಂದು ಪೆಟ್ಟು ಹಾಕಿ ಕಾದ. ಇನ್ನೊಂದು. ಅಪ್ಪನ ಎಡಪಾದ —